ಬಿ7ರಲ್ಲಿ ಕುಳಿತ ಒಂಟೆ: ಮೆರಾನ್ ಓಪನಿಂಗ್ ಮತ್ತು ಆನಂದ್ ಆಡಿದ ಒಂದು ಆಟ

(ಚಿಕ್ಕಮಗಳೂರಿನಲ್ಲಿ ನಡೆದ ಶಾಲಾ ಮಕ್ಕಳ ಚೆಸ್ ಪಂದ್ಯಾವಳಿಯ ಊಟದ ವಿರಾಮದಲ್ಲಿ ಆಟಗಾರರಿಗೂ ಪೋಷಕರಿಗೂ ಮಾಡಿದ ಉಪನ್ಯಾಸದ ಬರಹ ರೂಪ. ತೂಗುಬೋರ್ಡಿನ ಮೇಲೆ ತೋರಿಸಿದ ನಡೆಗಳನ್ನು ಇಲ್ಲಿ ಅಕ್ಷರದಲ್ಲಿ ಕೊಟ್ಟಿದ್ದೇನೆ. ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಉದ್ದಸಾಲುಗಳು ಎಯಿಂದ ಎಚ್‌ವರೆಗೆ, ಕೆಳಗಿನಿಂದ ಮೇಲಕ್ಕೆ ಅಡ್ಡಸಾಲುಗಳು 1ರಿಂದ 8ರವರೆಗೆ; ಬಿ7 ಎಂದರೆ ಬಿ ಸಾಲಿನ ಏಳನೆಯ ಮನೆ. ಒಂಟೆ ಎಂದರೆ ಬಿಷಪ್, ಮಂತ್ರಿ ಎಂದರೆ ಕ್ವೀನ್. ಓದುವವರು ಎದುರಿಗೊಂದು ಬೋರ್ಡ್ ಇಟ್ಟುಕೊಂಡರೆ ಒಳ್ಳೆಯದು.)

ಹೊರಗೆ ಮಳೆ ಬಿಡುವ ಲಕ್ಷಣವಿಲ್ಲ, ಮುಂದಿನ ಸುತ್ತಿಗೆ ಇನ್ನೂ ಸಮಯವಿದೆ. ಅಷ್ಟರೊಳಗೆ ಒಂದೇ ಒಂದು ಆಟ ತೋರಿಸುತ್ತೇನೆ. ಇಪ್ಪತ್ತಮೂರು ನಡೆಗಳಲ್ಲಿ ಮುಗಿದುಹೋದ ಆಟ. 2013ರ ಜನವರಿ 15ರಂದು ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಎಂಬ ಕಡಲತಡಿಯ ಊರಿನಲ್ಲಿ, ಟಾಟಾ ಸ್ಟೀಲ್ ಪಂದ್ಯಾವಳಿಯ ನಾಲ್ಕನೆಯ ಸುತ್ತಿನಲ್ಲಿ ನಡೆದದ್ದು. ಬಿಳಿ ಕಾಯಿಗಳಲ್ಲಿ ಅರ್ಮೇನಿಯಾದ ಲೆವೋನ್ ಆರೋನಿಯನ್, ಕಪ್ಪಿನಲ್ಲಿ ನಮ್ಮ ವಿಶ್ವನಾಥನ್ ಆನಂದ್. ಆರೋನಿಯನ್ ಆಗ 2800 ರೇಟಿಂಗ್ ದಾಟಿದ್ದ ಬೆರಳೆಣಿಕೆಯ ಆಟಗಾರರಲ್ಲಿ ಒಬ್ಬ. ಆನಂದ್ ವಿಶ್ವ ಚಾಂಪಿಯನ್. ಆದರೂ ಅವರ ಕಾಲ ಮುಗಿಯಿತೆಂದು ಆಗಲೇ ಷರಾ ಬರೆಯಲು ಶುರುಮಾಡಿದ್ದವರು ಬಹಳ ಮಂದಿ ಇದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಚೆನ್ನೈನಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್ಸನ್ ಎದುರು ಪಟ್ಟ ಹೋಯಿತೆನ್ನುವುದು ನಿಜ. ಜನವರಿಯ ಆ ಮಂಗಳವಾರ ಮಾತ್ರ ಷರಾ ಬರೆಯುವವರು ಪೆನ್ನು ಕೆಳಗಿಡಬೇಕಾಯಿತು.

ಇಡೀ ಆಟದಲ್ಲಿ ನಿಮ್ಮ ಕಣ್ಣು ಒಂದೇ ಕಾಯಿಯ ಮೇಲಿರಲಿ: ಕಪ್ಪಿನ ಬಿಳಿಮನೆಯ ಒಂಟೆ. ಸಿ8ರಲ್ಲಿ ಹುಟ್ಟುವ, ಹತ್ತನೇ ನಡೆಯಲ್ಲಿ ಬಿ7ಕ್ಕೆ ಸರಿದು, ಆಮೇಲೆ ಒಮ್ಮೆಯೂ ಕದಲದ ಒಂಟೆ. ಮೆರಾನ್ ಎಂಬ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಪದ್ಧತಿ, ಅರ್ಥವಾಗಬೇಕಾದರೆ ಈ ಒಂಟೆಯ ಕಷ್ಟಸುಖ ಅರ್ಥವಾದರೆ ಸಾಕು ಎನ್ನುವುದು ನನ್ನ ವಾದ. ಉಳಿದದ್ದನ್ನು ಬೋರ್ಡೇ ಹೇಳುತ್ತದೆ.

ಬೆಳಗಿನ ಸುತ್ತುಗಳಲ್ಲಿ ಹಾಲಿನ ತುಂಬ ಓಡಾಡಿ ನೋಡಿದೆ. ಅನೇಕ ಮಕ್ಕಳು ಮೊದಲ ಎಂಟು ನಡೆಗಳನ್ನು ಗಡಿಯಾರದ ಗುಂಡಿ ಮುರಿಯುವಂತೆ ಪಟಪಟನೆ ಆಡುತ್ತಾರೆ. ಒಂಬತ್ತನೆಯದಕ್ಕೆ ಬಂದಾಗ ಮುಖ ಚಾವಣಿಯತ್ತ ಹೋಗುತ್ತದೆ. ಎದುರಾಳಿ ಪುಸ್ತಕದಲ್ಲಿಲ್ಲದ ನಡೆಯೊಂದನ್ನು ಆಡಿದ್ದಾನೆ, ಇನ್ನು ಕಲಿಸಿಕೊಟ್ಟವರು ಪಕ್ಕದಲ್ಲಿಲ್ಲ. ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ನಡೆಗಳನ್ನು ಕೊಟ್ಟು ಕಾರಣಗಳನ್ನು ಕೊಡದೆ ಇರುವ ತರಬೇತಿಯ ತಪ್ಪು ಹೆಚ್ಚು. ಆದ್ದರಿಂದ ಇಂದು ನಿಧಾನವಾಗಿ, ಕಾರಣ ಹಿಡಿದುಕೊಂಡು ಹೋಗೋಣ.

ಬಿಳಿ ಡಿ4, ಕಪ್ಪು ಡಿ5. ಎರಡನೆಯದು ಸಿ4, ಉತ್ತರ ಸಿ6. ಮೂರನೆಯದು ಬಿಳಿಯ ಕುದುರೆ ಎಫ್3, ಕಪ್ಪಿನ ಕುದುರೆ ಎಫ್6. ನಾಲ್ಕನೆಯದು ಕುದುರೆ ಸಿ3, ಕಪ್ಪು ಇ6. ಇದಕ್ಕೆ ಸೆಮಿ-ಸ್ಲಾವ್ ಎಂದು ಹೆಸರು. ಸಿ6, ಡಿ5, ಇ6 ಮೂರೂ ಮನೆಗಳಲ್ಲಿ ಕಪ್ಪಿನ ಕಾಲಾಳುಗಳು ತ್ರಿಕೋನ ಕಟ್ಟಿಕೊಂಡು ನಿಂತಿವೆ. ಕೋಟೆ ಭದ್ರವಾಗಿದೆ, ಆದರೆ ಸಿ8ರ ಒಂಟೆಯನ್ನು ನೋಡಿ. ಬಲಕ್ಕೆ ಹೊರಡೋಣವೆಂದರೆ ಇ6ರಲ್ಲಿ ತನ್ನದೇ ಕಾಲಾಳು. ಎಡಕ್ಕೆ ಬಿ7ಕ್ಕೆ ಹೋದರೆ ಮುಂದೆ ಸಿ6ರಲ್ಲಿ ತನ್ನದೇ ಇನ್ನೊಂದು ಕಾಲಾಳು. ಮೊದಲ ನಾಲ್ಕು ನಡೆಗಳಲ್ಲೇ ಕಪ್ಪು ತನ್ನ ಒಂದು ಕಾಯಿಯನ್ನು ತಾನೇ ಒಳಗೆ ಹಾಕಿ ಅಗುಳಿ ಜಡಿದಿದೆ. ಇಂಥ ಓಪನಿಂಗನ್ನು ಯಾರಾದರೂ ಏಕೆ ಆಡಬೇಕು?

ಉತ್ತರ ಆರನೆಯ ನಡೆಯಲ್ಲಿದೆ. ಐದನೆಯದಾಗಿ ಬಿಳಿ ಇ3 ಆಡಿತು, ಕಪ್ಪು ಬಿ8ರ ಕುದುರೆಯನ್ನು ಡಿ7ಕ್ಕೆ ತಂದಿತು. ಆರನೆಯದು ಬಿಳಿಯ ಒಂಟೆ ಡಿ3. ಕಪ್ಪು ಕಾಯುತ್ತಿದ್ದದ್ದು ಈ ಒಂಟೆಯ ನಡೆಗಾಗಿಯೇ. ತಕ್ಷಣ ಡಿ5ರ ಕಾಲಾಳಿನಿಂದ ಸಿ4ರ ಕಾಲಾಳನ್ನು ಹೊಡೆಯುತ್ತದೆ. ಈಗಷ್ಟೇ ಡಿ3ಕ್ಕೆ ಬಂದು ಕೂತಿದ್ದ ಒಂಟೆ ಮತ್ತೆ ಎದ್ದು ಸಿ4ಕ್ಕೆ ಹೋಗಿ ಕಾಲಾಳನ್ನು ವಾಪಸು ತೆಗೆದುಕೊಳ್ಳಬೇಕು. ಏಳನೆಯ ನಡೆಯಲ್ಲಿ ಕಪ್ಪು ಬಿ5 ಎಂದು ಅದರ ಮೇಲೇ ಕಾಲಾಳನ್ನು ತಳ್ಳುತ್ತದೆ. ಎಂಟನೆಯದರಲ್ಲಿ ಒಂಟೆ ಡಿ3ಕ್ಕೆ ವಾಪಸು. ಒಂದು ಒಂಟೆ ಮೂರು ನಡೆ ತಿಂದು, ಒಂದೇ ನಡೆಯಲ್ಲಿ ತಲುಪಬಹುದಾಗಿದ್ದ ಮನೆಯಲ್ಲೇ ಕೂತಿದೆ. ಅಷ್ಟರಲ್ಲಿ ಕಪ್ಪಿಗೆ ಮಂತ್ರಿಯ ಬದಿಯಲ್ಲಿ ಜಾಗ ಸಿಕ್ಕಿತು, ಬಿ7ರ ಬಾಗಿಲು ತೆರೆಯಿತು. ಇನ್ನು ಉಳಿದಿರುವುದು ಒಂದೇ ಕೆಲಸ. ಸಿ6ರ ಕಾಲಾಳನ್ನು ಸಿ5ಕ್ಕೆ ತಳ್ಳಿದರೆ ಬಿ7ರಿಂದ ಎಚ್1ರವರೆಗಿನ ಇಡೀ ಕರ್ಣ ತೆರೆದುಕೊಳ್ಳುತ್ತದೆ. ಕೇಂದ್ರವನ್ನು ಬಿಳಿಗೆ ಬಿಟ್ಟುಕೊಟ್ಟು, ಬಂಧಿಯಾದ ಒಂಟೆಗೆ ಬಿಡುಗಡೆ ಕೊಡಿಸುವ ವ್ಯವಹಾರ ಇದು. ಮೆರಾನ್ ಪದ್ಧತಿಯಲ್ಲಿ ಕಪ್ಪಿನ ಪ್ರತಿ ನಡೆಯನ್ನೂ 'ಸಿ5ಕ್ಕೆ ಇದರಿಂದ ಸಹಾಯವಾಗುತ್ತದೆಯೇ' ಎಂದು ಕೇಳಿ ನೋಡಿದರೆ ಮುಕ್ಕಾಲು ಪಾಲು ಪುಸ್ತಕ ತಾನಾಗಿ ನೆನಪಿಗೆ ಬರುತ್ತದೆ.

ಹೆಸರು ಬಂದದ್ದು ಇಟಲಿಯ ಉತ್ತರ ತುದಿಯ ಮೆರಾನೋ ಪಟ್ಟಣದಿಂದ. 1924ರಲ್ಲಿ ಅಲ್ಲಿ ನಡೆದ ಪಂದ್ಯಾವಳಿಯಲ್ಲಿ ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ವಿರುದ್ಧ ಅಕೀಬಾ ರೂಬಿನ್‌ಸ್ಟೀನ್ ಕಪ್ಪಿನಲ್ಲಿ ಇದನ್ನು ಆಡಿ ಗೆದ್ದರು. ಇದೇ ರೂಬಿನ್‌ಸ್ಟೀನ್ ಕೆಲವೇ ನಿಮಿಷಗಳಲ್ಲಿ ಮತ್ತೊಮ್ಮೆ ನಮ್ಮ ಬೋರ್ಡಿಗೆ ಬರುತ್ತಾರೆ, ಹೆಸರು ನೆನಪಿರಲಿ.

ಆನಂದ್ ಅವರಿಗೂ ಮೆರಾನ್ ಹೊಸದಾಗಿರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಕ್ರಾಮ್ನಿಕ್ ವಿರುದ್ಧ ವಿಶ್ವ ಚಾಂಪಿಯನ್‌ಷಿಪ್ ಆಡಿದಾಗ ಮೂರನೆಯ ಮತ್ತು ಐದನೆಯ ಆಟಗಳನ್ನು ಕಪ್ಪಿನಲ್ಲಿ ಇದೇ ಓಪನಿಂಗಿನಿಂದ ಗೆದ್ದಿದ್ದರು. ಎದುರಾಳಿಯ ಬಿಳಿಯನ್ನು ಎರಡು ಸಲ ಮುರಿದ ಆ ಪಂದ್ಯವನ್ನು ಕೊನೆಗೆ ಆರೂವರೆ–ನಾಲ್ಕೂವರೆ ಅಂಕಗಳಿಂದ ಗೆದ್ದರು. ಬಾನ್‌ನಲ್ಲಿ ಅವರು ಹಿಡಿದದ್ದು ಎಂಟನೆಯ ನಡೆಯಲ್ಲಿ ಎ6 ಆಡುವ, ಬಿಳಿ ಇ4–ಇ5 ಎಂದು ನುಗ್ಗುವ, ಎರಡೂ ಕಡೆ ಕೈಕೈ ಮಿಲಾಯಿಸುವ ಹಳೆಯ ಹೆದ್ದಾರಿ. ವೈಕ್ ಆನ್ ಜೀಯಲ್ಲಿ ಆಡಿದ್ದು ಬೇರೆ: ಎಂಟನೆಯ ನಡೆ ಒಂಟೆ ಡಿ6. ನೋಡಲು ಸಾಧು ನಡೆ. ಒಂಬತ್ತರಲ್ಲಿ ಇಬ್ಬರೂ ಕ್ಯಾಸಲಿಂಗ್ ಮಾಡಿದರು, ಅಂದರೆ ರಾಜನನ್ನು ಮೂಲೆಯತ್ತ ಸರಿಸಿ ಆನೆಯನ್ನು ಅದರ ಪಕ್ಕಕ್ಕೆ ತಂದರು. ಹತ್ತರಲ್ಲಿ ಬಿಳಿಯ ಮಂತ್ರಿ ಸಿ2ಕ್ಕೆ, ಕಪ್ಪಿನ ಒಂಟೆ ಬಿ7ಕ್ಕೆ. ನಮ್ಮ ನಾಯಕ ಆಸನ ಅಲಂಕರಿಸಿದ. ಹನ್ನೊಂದರಲ್ಲಿ ಬಿಳಿ ಎ3, ಕಪ್ಪಿನ ಆನೆ ಸಿ8ಕ್ಕೆ. ಸಿ8ರ ಆನೆಯ ಎದುರಿಗೆ, ಅದೇ ಸಾಲಿನಲ್ಲಿ, ಬಿಳಿಯ ಮಂತ್ರಿ. ನಡುವೆ ಕಪ್ಪಿನ ಸಿ6 ಕಾಲಾಳು ಮತ್ತು ಬಿಳಿಯ ಸಿ3 ಕುದುರೆ. ಎಲ್ಲವೂ ಸಿ5ರತ್ತ ಬೆರಳು ಮಾಡಿ ನಿಂತಿವೆ.

ಹನ್ನೆರಡನೆಯ ನಡೆಯಲ್ಲಿ ಆರೋನಿಯನ್ ಕುದುರೆಯನ್ನು ಎಫ್3ರಿಂದ ಜಿ5ಕ್ಕೆ ಹಾರಿಸಿದರು. ಕುದುರೆಮುಖ ಇರುವ ಜಿಲ್ಲೆಯವರಿಗೆ ಕುದುರೆಯ ವಿಷಯ ನಾನು ಹೆಚ್ಚು ಹೇಳಬೇಕಿಲ್ಲ. ಡಿ3ರ ಒಂಟೆ, ಅದರ ಹಿಂದೆ ಸಿ2ರ ಮಂತ್ರಿ, ಈಗ ಜಿ5ರ ಕುದುರೆ, ಮೂರೂ ಎಚ್7ರ ಕಾಲಾಳಿನ ಮೇಲೆ ಕಣ್ಣಿಟ್ಟಿವೆ. ಕಾಪಾಡುತ್ತಿರುವುದು ರಾಜ ಮತ್ತು ಎಫ್6ರ ಕುದುರೆ ಮಾತ್ರ. ಇಲ್ಲಿ ಕಪ್ಪಿಗೆ ಒಂದು ಜಾಣ ಸಮಾಧಾನದ ದಾರಿಯಿದೆ: ಡಿ6ರ ಒಂಟೆಯಿಂದ ಎಚ್2ನ್ನು ಹೊಡೆದು ಚೆಕ್ ಕೊಡುವುದು, ರಾಜ ಒಂಟೆಯನ್ನು ತೆಗೆದರೆ ಕುದುರೆ ಜಿ4ರಲ್ಲಿ ಮತ್ತೆ ಚೆಕ್, ಆಮೇಲೆ ಮಂತ್ರಿಯಿಂದ ಜಿ5ರ ಕುದುರೆಯನ್ನು ವಸೂಲಿ ಮಾಡುವುದು. ಲೆಕ್ಕ ಸರಿಹೋಗುತ್ತದೆ. ಆದರೆ ಬಿಳಿ ಎಫ್3 ಎಂದು ಕುದುರೆಯನ್ನು ಅಟ್ಟಿ ಇ4ಕ್ಕೆ ಕಾಲಾಳನ್ನು ನೂಕಿ ಕೇಂದ್ರದಲ್ಲಿ ದೊಡ್ಡಸ್ತಿಕೆ ನಡೆಸುತ್ತದೆ, ಬಿ7ರ ಒಂಟೆ ಮತ್ತೆ ಮುಚ್ಚಿದ ಬಾಗಿಲ ಹಿಂದೆ ಉಳಿಯುತ್ತದೆ.

ಆನಂದ್ ಆಡಿದ್ದು 12...ಸಿ5 (ಸಂಖ್ಯೆಯ ನಂತರದ ಮೂರು ಚುಕ್ಕೆ ಕಪ್ಪಿನ ನಡೆಯ ಗುರುತು). ಎಚ್7 ಹೋದರೆ ಹೋಗಲಿ, ಒಂಟೆಗೆ ಬಾಗಿಲು ತೆರೆಯಲಿ.

ಈ ನಡೆ ಆ ಮಧ್ಯಾಹ್ನ ಹೊಳೆದದ್ದಲ್ಲ. 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ವಿರುದ್ಧದ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಆನಂದ್ ಮತ್ತು ಅವರ ಸಹಾಯಕರು ಮಾಡಿದ್ದ ತಯಾರಿಯಲ್ಲಿ ಇದು ಸೇರಿತ್ತೆಂದು ಅವರೇ ಆಟದ ನಂತರ ಹೇಳಿದರು. ಮಾಸ್ಕೋದ ಪಂದ್ಯ ಆರು–ಆರು ಸಮವಾಗಿ, ಕ್ಷಿಪ್ರ ಆಟಗಳ ಟೈಬ್ರೇಕ್‌ನಲ್ಲಿ ಮುಗಿಯಿತು. ಈ ಸರಕು ಮಾತ್ರ ಅಲ್ಲಿ ಬಿಚ್ಚಲೇ ಇಲ್ಲ. ಚಿಕ್ಕಮಗಳೂರಿನವರಿಗೆ ಇದರ ಮರ್ಮ ಬೇಗ ಹಿಡಿಯುತ್ತದೆ. ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನು ಗೋದಾಮಿನಲ್ಲಿಟ್ಟು ದರ ಏರಲಿ ಎಂದು ಕಾಯುವವರು ನೀವು. ಕಾದವನಿಗೆ ಲಾಭವಾಗುವುದೂ ಉಂಟು, ಅಷ್ಟರಲ್ಲಿ ದರ ಬಿದ್ದು ತಲೆಯ ಮೇಲೆ ಕೈ ಹೊತ್ತು ಕೂರುವುದೂ ಉಂಟು. ಚೆಸ್ಸಿನ ಗೋದಾಮು ಇನ್ನೂ ನಿರ್ದಯಿ. ಬೇರೆ ಯಾರಾದರೂ, ಜಗತ್ತಿನ ಯಾವ ಮೂಲೆಯಲ್ಲಾದರೂ, ನಿಮ್ಮ ಹೊಸ ನಡೆಯನ್ನು ಒಮ್ಮೆ ಆಡಿಬಿಟ್ಟರೆ ಸಂಜೆಯೊಳಗೆ ಅದು ಎಲ್ಲರ ಕಂಪ್ಯೂಟರಿನಲ್ಲಿರುತ್ತದೆ, ನಿಮ್ಮ ದಾಸ್ತಾನಿಗೆ ಬೆಲೆ ಸೊನ್ನೆ. ಎಂಟು ತಿಂಗಳು ಆ ಸರಕು ಯಾರ ಕೈಗೂ ಸಿಗದೆ ಉಳಿದದ್ದು ಆನಂದ್ ಅದೃಷ್ಟ.

ಮುಂದಿನದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಲ್ಲಿಂದ ಆರು ನಡೆಗಳವರೆಗೆ ಇಬ್ಬರೂ ಎದುರಿನವರ ಬೆದರಿಕೆಗೆ ಉತ್ತರ ಕೊಡುವುದಕ್ಕಿಂತ ತಮ್ಮ ಬೆದರಿಕೆಯನ್ನು ದೊಡ್ಡದು ಮಾಡುವುದರಲ್ಲೇ ತೊಡಗಿದ್ದರು.

ಹದಿಮೂರನೆಯದು: ಬಿಳಿಯ ಕುದುರೆ ಎಚ್7ನ್ನು ಹೊಡೆಯಿತು. ಈಗ ಅದು ಎಫ್8ರ ಆನೆಯ ಮೇಲೂ ಕೂತಿದೆ. ಕಪ್ಪು ತನ್ನ ಕುದುರೆಯಿಂದ ಅದನ್ನು ಹೊಡೆಯಬಹುದು. ಆಗ ಡಿ3ರ ಒಂಟೆ ಚೆಕ್ ಕೊಟ್ಟು ತೆಗೆದುಕೊಳ್ಳುತ್ತದೆ, ಬಿಳಿಗೆ ಒಂದು ಕಾಲಾಳು ಲಾಭ, ಕಪ್ಪಿನ ರಾಜನ ಮುಂದೆ ಬಟಾಬಯಲು. ಆನಂದ್ ಕುದುರೆಯನ್ನು ಮುಟ್ಟದೆ ತಮ್ಮ ಕುದುರೆಯನ್ನು ಜಿ4ಕ್ಕೆ ಹಾರಿಸಿದರು. ಡಿ6ರ ಒಂಟೆ ಮತ್ತು ಜಿ4ರ ಕುದುರೆ ಎರಡೂ ಎಚ್2ರತ್ತ ನೋಡುತ್ತಿವೆ, ಮಂತ್ರಿಗೆ ಎಚ್4ರ ದಾರಿ ತೆರೆದಿದೆ. ಎಫ್8ರ ಆನೆ ಕುದುರೆಯ ಬಾಯಲ್ಲೇ ಇದೆ, ಇರಲಿ.

ಹದಿನಾಲ್ಕು: ಬಿಳಿ ಎಫ್4. ಒಂಟೆಯ ಕರ್ಣ ಮುಚ್ಚಿತು. ಆದರೆ ರಾಜನ ಪಕ್ಕದಲ್ಲಿ ಇನ್ನೊಂದು ಕರ್ಣ, ಜಿ1ರಿಂದ ಎ7ರವರೆಗಿನದು, ಸಡಿಲವಾಯಿತು. ಕಪ್ಪು ಸಿ5ರ ಕಾಲಾಳಿನಿಂದ ಡಿ4ನ್ನು ಹೊಡೆಯಿತು, ಹದಿನೈದರಲ್ಲಿ ಬಿಳಿ ಇ3ರಿಂದ ವಾಪಸು ಹೊಡೆಯಿತು. ಈಗ ಕಪ್ಪಿನ ಒಂಟೆ ಡಿ6ರಿಂದ ಸಿ5ಕ್ಕೆ! ಹೊಡೆಯಿರಿ ಎಂದು ಡಿ4ರ ಕಾಲಾಳಿನ ಬಾಯಿಗೇ ಇಟ್ಟಂತೆ. ಹೊಡೆದರೆ ಡಿ7ರ ಕುದುರೆ ಸಿ5ಕ್ಕೆ ಹಾರುತ್ತದೆ, ಡಿ ಸಾಲು ಪೂರ್ತಿ ತೆರೆದು ಕಪ್ಪಿನ ಮಂತ್ರಿ ಡಿ4ರಲ್ಲಿ ಚೆಕ್ ಕೊಡಲು ಸಿದ್ಧವಾಗುತ್ತದೆ. ಹೊಡೆಯದಿದ್ದರೆ ಆ ಕಾಲಾಳು ರಾಜನಿಗೆ ಕಟ್ಟುಬಿದ್ದು ಅಲ್ಲಾಡುವಂತಿಲ್ಲ, ಮುಂದೆ ಸರಿದರೆ ಹಿಂದಿನ ರಾಜನಿಗೆ ಒಂಟೆಯ ಚೆಕ್.

ಹದಿನಾರನೆಯ ನಡೆಯಲ್ಲಿ ಆಟ ನಿರ್ಣಯವಾಯಿತು. ಆರೋನಿಯನ್ ಒಂಟೆಯನ್ನು ಡಿ3ರಿಂದ ಇ2ಕ್ಕೆ ತಂದರು. ಈ ಸಭೆಯಲ್ಲಿರುವ ಯಾರನ್ನು ಕೇಳಿದರೂ ಇದೇ ನಡೆಯನ್ನು ಹೇಳುತ್ತಿದ್ದರು, ಅದರಲ್ಲಿ ನಾನೂ ಒಬ್ಬ. ಜಿ4ರ ಕುದುರೆಯ ಮೇಲೆ ಒಂಟೆ ಬಿತ್ತು, ಸಿ2ರ ಮಂತ್ರಿಗೆ ಎಚ್7ರವರೆಗೆ ದಾರಿ ತೆರೆಯಿತು, ಒಂದೇ ಕಲ್ಲಿಗೆ ಎರಡು ಹಕ್ಕಿ. ನಂತರದ ವಿಶ್ಲೇಷಣೆಗಳು ಎಚ್3 ಬಿಳಿಗೆ ಇದಕ್ಕಿಂತ ಒಳ್ಳೆಯ ಪ್ರಯತ್ನವೆಂದು ತೋರಿಸಿದವು. ಗಡಿಯಾರ ಓಡುತ್ತಿರುವಾಗ, ಎದುರಿನವನು ಮನೆಯಲ್ಲಿ ಓದಿಕೊಂಡು ಬಂದಿದ್ದಾನೆಂಬ ಗುಮಾನಿ ತಲೆಯಲ್ಲಿ ಕೊರೆಯುತ್ತಿರುವಾಗ, ಅಂಥ ನಡೆಯನ್ನು ಹುಡುಕುವುದು ಯಾರಿಗೂ ಸುಲಭವಲ್ಲ.

ಆನಂದ್ ಉತ್ತರ: ಡಿ7ರ ಕುದುರೆ ಇ5ಕ್ಕೆ. ಹಿಂದಿನ ಸಾಲಿನಲ್ಲಿ ಕೂತಿರುವ ಹುಡುಗರೂ ಈಗ ಬೋರ್ಡಿನ ಹತ್ತಿರ ಬನ್ನಿ. ಇ5ರ ಕುದುರೆಯನ್ನು ಎಫ್4ರ ಕಾಲಾಳು ಹೊಡೆಯಬಹುದಲ್ಲವೇ? ಹೊಡೆಯಲಿ. ಕುದುರೆ ಹೊರಟುಹೋದದ್ದರಿಂದ ಡಿ8ರ ಮಂತ್ರಿಗೆ ಡಿ4ರವರೆಗೆ ಹೆದ್ದಾರಿ. ಮಂತ್ರಿ ಡಿ4ನ್ನು ಹೊಡೆದು ಚೆಕ್. ರಾಜ ಎಚ್1ರ ಮೂಲೆಗೆ. ಈಗ ಮಂತ್ರಿ ಜಿ1ಕ್ಕೆ ಹೋಗಿ, ತನ್ನನ್ನೇ ಬಲಿಕೊಟ್ಟು ಚೆಕ್. ಸಿ5ರ ಒಂಟೆ ಜಿ1ನ್ನು ಕಾಯುತ್ತಿರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಆನೆ ಜಿ1ಕ್ಕೆ ಬಂದ ಕೂಡಲೇ ಜಿ4ರ ಕುದುರೆ ಎಫ್2ಕ್ಕೆ: ಚೆಕ್‌ಮೇಟ್. ಸುತ್ತ ತನ್ನದೇ ಆನೆ, ತನ್ನದೇ ಕಾಲಾಳುಗಳು, ರಾಜನಿಗೆ ಉಸಿರಾಡಲೂ ಜಾಗವಿಲ್ಲ. ಉಸಿರುಗಟ್ಟಿಸುವ ಮೇಟ್ ಎಂದು ನಾವು ಒಗಟಿನ ಪುಸ್ತಕಗಳಲ್ಲಿ ಬಿಡಿಸುವುದು ಇದನ್ನೇ. ವಿಶ್ವ ಚಾಂಪಿಯನ್ನನ ಆಟದಲ್ಲಿ ಅದು ಬೋರ್ಡಿನ ಮೇಲೆ ಬರದೆ, ಬರಬಹುದೆಂಬ ಹೆದರಿಕೆಯಿಂದಲೇ ಕೆಲಸ ಮಾಡಿತು. ಆರೋನಿಯನ್ ಕುದುರೆಯನ್ನು ಮುಟ್ಟಲಿಲ್ಲ.

ಹದಿನೇಳು: ಬಿಳಿಯ ಒಂಟೆ ಜಿ4ರ ಕುದುರೆಯನ್ನು ಹೊಡೆಯಿತು. ಕಪ್ಪಿನ ಒಂಟೆ ಡಿ4ನ್ನು ಹೊಡೆದು ಚೆಕ್. ಹದಿನೆಂಟು: ರಾಜ ಎಚ್1ಕ್ಕೆ, ಇ5ರ ಕುದುರೆ ಜಿ4ಕ್ಕೆ ಹಾರಿ ಒಂಟೆಯನ್ನು ವಸೂಲಿ ಮಾಡಿತು. ಹತ್ತೊಂಬತ್ತು: ಆರು ನಡೆಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಎಫ್8ರ ಆನೆಯನ್ನು ಬಿಳಿಯ ಕುದುರೆ ಕೊನೆಗೂ ನುಂಗಿತು.

ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ: ಈಗ ಕಪ್ಪಿನ ನಡೆ ಏನು? ಸಭೆಯ ಅರ್ಧಭಾಗ ಒಂದೇ ಸ್ವರದಲ್ಲಿ 'ಎಫ್8ರ ಕುದುರೆಯನ್ನು ಹೊಡೆಯಬೇಕು' ಎಂದಿತು. ಇನ್ನು ಕೆಲವರು 'ಮಂತ್ರಿ ಎಚ್4' ಎಂದರು. ಒಬ್ಬ ಹುಡುಗಿ ಮಾತ್ರ ಕೈಯೆತ್ತಿ, ತುಸು ಅನುಮಾನದಿಂದ, 'ಎಫ್5' ಎಂದಳು. ಏಕೆ ಎಂದು ಕೇಳಿದ್ದಕ್ಕೆ 'ಬಿಳಿಯ ಮಂತ್ರಿಯ ದಾರಿ ಮುಚ್ಚುತ್ತದೆ' ಎಂದಳು. ಅವಳಿಗೆ ಚಪ್ಪಾಳೆ ಸಿಕ್ಕಿತು, ಸಿಗಲೇಬೇಕಿತ್ತು.

19...ಎಫ್5. ಆನೆ ಹೋಗಿದೆ, ಎಫ್8ರಲ್ಲಿ ಕುದುರೆ ಇನ್ನೂ ನಿಂತಿದೆ, ಕಪ್ಪು ಒಂದು ಕಾಲಾಳನ್ನು ಮೆಲ್ಲನೆ ಎರಡು ಮನೆ ಮುಂದಿಡುತ್ತದೆ. ಚೆಕ್ ಇಲ್ಲ, ಹೊಡೆತ ಇಲ್ಲ. ಆದರೆ ಈ ಕಾಲಾಳು ಮಾಡುವ ಕೆಲಸ ನೋಡಿ. ಸಿ2ರಿಂದ ಎಚ್7ರವರೆಗೆ ಬಿಳಿಯ ಮಂತ್ರಿಗಿದ್ದ ದಾರಿ ಮುಚ್ಚಿತು. ಜಿ4ರ ಕುದುರೆಗೆ ಗಟ್ಟಿ ಆಧಾರ ಸಿಕ್ಕಿತು. ಇ4ರಲ್ಲಿ ಬಿಳಿಯ ಕಾಯಿ ಬಂದು ಬಿ7ರ ಒಂಟೆಯ ಕರ್ಣಕ್ಕೆ ಅಡ್ಡ ನಿಲ್ಲುವುದೂ ಕಷ್ಟವಾಯಿತು. ಎಫ್8ರ ಕುದುರೆ ಎಲ್ಲಿಗೆ ಹೋಗುತ್ತದೆ, ಆಮೇಲೆ ನೋಡಿಕೊಳ್ಳೋಣ ಎಂಬ ಧೈರ್ಯ. ಚೆಸ್ಸಿನಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಇಂಥ ನಡೆಗಳೇ. ಮಂತ್ರಿಯನ್ನು ಬಲಿಕೊಡುವ ಆಟಗಳಿಗೆ ಚಪ್ಪಾಳೆ ಸುಲಭವಾಗಿ ಸಿಗುತ್ತದೆ. ಆನೆ ಕಳೆದುಕೊಂಡವನು ಅವಸರ ಮಾಡದೆ ಕಾಲಾಳು ನೂಕುವುದಕ್ಕೆ ಬೇರೆಯೇ ತೂಕವಿದೆ.

ಉಳಿದದ್ದು ಬೇಗ ಮುಗಿಯುತ್ತದೆ. ಇಪ್ಪತ್ತು: ಬಿಳಿಯ ಕುದುರೆ ಎಚ್4ನ್ನು ಕಾಯಲು ಜಿ6ಕ್ಕೆ, ಕಪ್ಪಿನ ಮಂತ್ರಿ ಎಫ್6ಕ್ಕೆ. ಇಪ್ಪತ್ತೊಂದು: ಬಿಳಿ ಎಚ್3, ಮಂತ್ರಿ ಜಿ6ರ ಕುದುರೆಯನ್ನು ಹೊಡೆಯಿತು. ಇಪ್ಪತ್ತೆರಡು: ಬಿಳಿಯ ಮಂತ್ರಿ ಇ2, ಕಪ್ಪಿನ ಮಂತ್ರಿ ಎಚ್5. ಇಪ್ಪತ್ತಮೂರು: ಬಿಳಿಯ ಮಂತ್ರಿ ಡಿ3, ಕಪ್ಪಿನ ಒಂಟೆ ಡಿ4ರಿಂದ ಇ3ಕ್ಕೆ. ಆರೋನಿಯನ್ ಸೋಲೊಪ್ಪಿಕೊಂಡರು.

ಕಾಯಿಗಳ ಲೆಕ್ಕ ಹಾಕಿದರೆ ಬಿಳಿಯೇ ಮುಂದಿದೆ. ಕಪ್ಪಿನ ಒಂಟೆಯೊಂದಕ್ಕೆ ಬದಲಾಗಿ ಬಿಳಿಗೆ ಒಂದು ಆನೆ ಹೆಚ್ಚು, ಕಾಲಾಳುಗಳು ಐದಕ್ಕೆ ಐದು. ಆದರೆ ಎ1ರ ಆನೆ, ಸಿ1ರ ಒಂಟೆ ಹುಟ್ಟಿದ ಮನೆಯಿಂದ ಎದ್ದೇ ಇಲ್ಲ. ಈಗ ಕೊನೆಯ ಸ್ಥಿತಿಯಲ್ಲಿ ನಮ್ಮ ಬಿ7ರ ಒಂಟೆಯನ್ನು ನೋಡಿ. ಸಿ6, ಡಿ5, ಇ4, ಎಫ್3 ಎಲ್ಲ ಖಾಲಿ. ಕರ್ಣದ ತುದಿಯಲ್ಲಿ ಜಿ2ರ ಕಾಲಾಳು, ಅದರ ಹಿಂದೆ ಎಚ್1ರಲ್ಲಿ ರಾಜ. ಅಂದರೆ ಜಿ2 ಕಟ್ಟುಬಿದ್ದಿದೆ, ಎಚ್3ರ ಕಾಲಾಳಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಎಚ್3 ತಾನೂ ಕಟ್ಟುಬಿದ್ದಿದೆ, ಏಕೆಂದರೆ ಎಚ್5ರ ಮಂತ್ರಿಗೂ ರಾಜನಿಗೂ ನಡುವೆ ಅದೊಂದೇ ಇರುವುದು. ಆದ್ದರಿಂದ ಜಿ4ರ ಕುದುರೆಯನ್ನು ಹೊಡೆಯುವಂತಿಲ್ಲ. ಕಪ್ಪಿನ ಮಂತ್ರಿ ಎಚ್3ನ್ನು ಹೊಡೆದರೆ ಮೇಟ್. ಅದನ್ನು ತಡೆಯಲೆಂದೇ ಬಿಳಿಯ ಮಂತ್ರಿ ಡಿ3ಕ್ಕೆ ಬಂದು ಮೂರನೆಯ ಅಡ್ಡಸಾಲಿನಿಂದ ಎಚ್3ನ್ನು ಕಾದದ್ದು, ಜೊತೆಗೆ ಡಿ4ರ ಒಂಟೆಗೂ ಬೆದರಿಕೆ ಹಾಕಿದ್ದು. ಒಂಟೆ ಇ3ಕ್ಕೆ ಸರಿದು ಆ ಅಡ್ಡಸಾಲನ್ನೇ ಕತ್ತರಿಸಿಹಾಕಿತು, ಜಿ1ರ ಮೇಲಿನ ಕಾವಲನ್ನೂ ಬಿಡಲಿಲ್ಲ. ಸಿ1ರ ಒಂಟೆ ಅದನ್ನು ಹೊಡೆದರೆ ಮಂತ್ರಿ ಎಚ್3ರಲ್ಲಿ ಚೆಕ್, ರಾಜ ಜಿ1ಕ್ಕೆ, ಮಂತ್ರಿ ಜಿ2ರಲ್ಲಿ ಮೇಟ್. ಜಿ2ರಲ್ಲಿ ಮಂತ್ರಿಯ ಬೆನ್ನಿಗೆ ನಿಂತವನು ಯಾರು? ಬಿ7ರವನೇ. ಬಿಳಿಯ ಮಂತ್ರಿಯೇ ಇ3ನ್ನು ಹೊಡೆದರೆ ಜಿ4ರ ಕುದುರೆ ಮಂತ್ರಿಯನ್ನು ಎತ್ತಿಕೊಂಡು ಹೋಗುತ್ತದೆ.

ಈಗ ಆ ಆಟಕ್ಕಿಂತ 106 ವರ್ಷ ಹಿಂದಿನ ಕ್ಯಾಲೆಂಡರ್ ತೆಗೆಯೋಣ. 1907, ಪೋಲೆಂಡಿನ ವುಚ್ ನಗರ. ಅದು ಆಗ ರಷ್ಯಾ ಸಾಮ್ರಾಜ್ಯದೊಳಗಿತ್ತು. ಬಿಳಿಯಲ್ಲಿ ರೋಟ್ಲೆವಿ ಎಂಬ ತರುಣ, ಕಪ್ಪಿನಲ್ಲಿ ಅಕೀಬಾ ರೂಬಿನ್‌ಸ್ಟೀನ್. ಓಪನಿಂಗ್ ಮೆರಾನ್ ಆಗಿರಲಿಲ್ಲ, ಮೆರಾನ್ ಎಂಬುದು ಹುಟ್ಟಲು ಇನ್ನೂ ಹದಿನೇಳು ವರ್ಷ ಬೇಕಿತ್ತು. ಆದರೂ ನಡೆಗಳನ್ನು ಕೇಳಿ: ಹನ್ನೊಂದರಲ್ಲಿ ಬಿಳಿಯ ಒಂಟೆ ಡಿ3ಕ್ಕೆ ಬಂದ ಮೇಲೆ ಕಪ್ಪು ಸಿ4ನ್ನು ಹೊಡೆಯಿತು, ಒಂಟೆ ವಾಪಸು ಹೊಡೆಯಿತು, ಕಪ್ಪು ಬಿ5, ಒಂಟೆ ಡಿ3ಕ್ಕೆ ಹಿಂದಿರುಗಿತು, ಹದಿನಾಲ್ಕನೆಯ ನಡೆಯಲ್ಲಿ ಕಪ್ಪಿನ ಒಂಟೆ ಬಿ7ಕ್ಕೆ. ಎಲ್ಲೋ ನೋಡಿದಂತಿದೆಯಲ್ಲವೇ? ಮುಂದೆ ಬಿಳಿ ಎಫ್4 ಆಡಿತು. ಕಪ್ಪಿನ ಇನ್ನೊಂದು ಒಂಟೆ ಬಿ6ರಿಂದ ಚೆಕ್ ಕೊಟ್ಟಿತು, ರಾಜ ಎಚ್1ಕ್ಕೆ ಸರಿಯಿತು, ಇಪ್ಪತ್ತನೆಯ ನಡೆಯಲ್ಲಿ ಕುದುರೆ ಜಿ4ಕ್ಕೆ ಬಂತು. ಒಂದು ಒಂಟೆ ಜಿ1ರ ಮೇಲೆ, ಇನ್ನೊಂದು ಬಿ7ರಿಂದ ಎಚ್1ರತ್ತ, ಕುದುರೆ ಜಿ4ರಲ್ಲಿ, ರಾಜ ಮೂಲೆಯಲ್ಲಿ. ಎರಡೂ ಬೋರ್ಡುಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ಕೈಬರಹ.

ಅಲ್ಲಿಂದ ರೂಬಿನ್‌ಸ್ಟೀನ್ ಮಾಡಿದ್ದು ಪಟಾಕಿಯ ಕೆಲಸ. ಮಂತ್ರಿ ಎಚ್4ಕ್ಕೆ ಹೋಯಿತು, ಬಿಳಿ ಜಿ3 ಎಂದು ಅದರ ಮೇಲೆ ಬಿತ್ತು. ಮಂತ್ರಿಯನ್ನು ಅಲ್ಲೇ ಬಿಟ್ಟು ಕಪ್ಪಿನ ಆನೆ ಸಿ3ರ ಕುದುರೆಯನ್ನು ಹೊಡೆಯಿತು. ಬಿಳಿ ಮಂತ್ರಿಯನ್ನು ತೆಗೆದುಕೊಂಡಿತು. ಇನ್ನೊಂದು ಆನೆ ಡಿ2ಕ್ಕೆ ಬಂದು, ತನ್ನನ್ನೂ ಹೊಡೆಯಿರೆಂದು, ಬಿಳಿಯ ಮಂತ್ರಿಯ ಮುಂದೆ ನಿಂತಿತು. ಮಂತ್ರಿ ಹೊಡೆಯಿತು. ಬಿ7ರ ಒಂಟೆ ಆಗ ಎದ್ದು, ಇ4ಕ್ಕೆ ಬಂದಿದ್ದ ಬಿಳಿಯ ಒಂಟೆಯನ್ನು ಹೊಡೆದು ಚೆಕ್ ಕೊಟ್ಟಿತು. ಮಂತ್ರಿ ಜಿ2ಕ್ಕೆ ಅಡ್ಡ ಬಂತು. ಇಪ್ಪತ್ತೈದನೆಯ ನಡೆಯಲ್ಲಿ ಸಿ3ರ ಆನೆ ಎಚ್3ಕ್ಕೆ. ಎಚ್2ರಲ್ಲಿ ಮೇಟ್ ತಪ್ಪಿಸಲು ದಾರಿಯಿಲ್ಲ, ರೋಟ್ಲೆವಿ ಸೋಲೊಪ್ಪಿಕೊಂಡ. 'ರೂಬಿನ್‌ಸ್ಟೀನರ ಅಮರ ಆಟ' ಎಂದು ಇದಕ್ಕೆ ಹೆಸರು.

ವೈಕ್ ಆನ್ ಜೀಯಲ್ಲಿ ಆಟ ಮುಗಿದ ಕೂಡಲೇ ಬಲ್ಲವರೆಲ್ಲ ಈ ಹಳೆಯ ಆಟದ ಹೆಸರೆತ್ತಿದ್ದರು. ಕಂಪ್ಯೂಟರಿನಿಂದ ತಯಾರಾದ ಹೊಸ ನಡೆಯೆಂದು ನಾವು ಬೆರಗಾಗುವಾಗ, ಅದರ ಎಲುಬು ನೂರು ವರ್ಷ ಹಳೆಯದೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಯಂತ್ರ ನಡೆಯನ್ನು ತೋರಿಸಬಲ್ಲದು. ಎಂಟು ತಿಂಗಳ ನಂತರ ಆ ನಡೆಯನ್ನು ನೆನಪಿನಿಂದ ಹೊರತೆಗೆಯಬೇಕಾದಾಗ ತಲೆಯಲ್ಲಿ ಒಂದು ಚಿತ್ರ ಇರಬೇಕು. ಎರಡು ಒಂಟೆ, ಒಂದು ಕುದುರೆ, ಮೂಲೆಯ ರಾಜ ಎಂಬ ಚಿತ್ರವನ್ನು ಕೊಟ್ಟದ್ದು ರೂಬಿನ್‌ಸ್ಟೀನ್. ಆ ಮನುಷ್ಯ 1914ರಲ್ಲಿ ಆಗಿನ ವಿಶ್ವ ಚಾಂಪಿಯನ್ ಲಾಸ್ಕರ್ ವಿರುದ್ಧ ವಿಶ್ವಪಟ್ಟಕ್ಕೆ ಆಡಬೇಕಿತ್ತು, ಮೊದಲ ಮಹಾಯುದ್ಧ ಅಡ್ಡ ಬಂತು. ಪಟ್ಟ ಸಿಗದವರ ಹೆಸರುಗಳಲ್ಲಿ ಓಪನಿಂಗ್‌ಗಳ ರೂಪದಲ್ಲಿ ದಿನವೂ ಬೋರ್ಡಿಗೆ ಬರುವವರು ಕಡಿಮೆ. ರೂಬಿನ್‌ಸ್ಟೀನ್ ಅವರಲ್ಲಿ ಮೊದಲಿಗರು.

ಪಂದ್ಯಾವಳಿಯನ್ನು ಕೊನೆಗೆ ಗೆದ್ದದ್ದು ಮ್ಯಾಗ್ನಸ್ ಕಾರ್ಲ್ಸನ್, ಹದಿಮೂರಕ್ಕೆ ಹತ್ತು ಅಂಕಗಳೊಂದಿಗೆ. ಅದನ್ನು ಈಗ ನೆನಪಿಟ್ಟುಕೊಂಡವರು ಕಡಿಮೆ, ಈ ಆಟ ಮಾತ್ರ ಎಲ್ಲ ಸಂಕಲನಗಳಲ್ಲೂ ಇದೆ.

ಪ್ರಶ್ನೆಗಳಿಗೆ ಸ್ವಲ್ಪ ಸಮಯ ಉಳಿದಿತ್ತು. ಮೂಡಿಗೆರೆಯಿಂದ ಬಂದಿದ್ದ ತಂದೆಯೊಬ್ಬರು ಕೇಳಿದರು: ನನ್ನ ಮಗ ಹತ್ತು ವರ್ಷದವನು, ಅವನಿಗೆ ಮೆರಾನ್ ಕಲಿಸಬಹುದೇ? ನನ್ನ ಉತ್ತರ: ಕಪ್ಪಿನಲ್ಲಿ ಈಗಲೇ ಬೇಡ. ಮೊದಲು ರಾಜನ ಕಾಲಾಳಿನ ತೆರೆದ ಆಟಗಳು, ಇಟಾಲಿಯನ್ ಮೊದಲಾದವು, ಕೈಗೆ ಹತ್ತಲಿ. ಒಂಟೆ ಕುದುರೆಗಳು ಹೊರಬರುವುದು, ಬೇಗ ಕ್ಯಾಸಲಿಂಗ್ ಮಾಡುವುದು, ಎಫ್7ರ ಅಪಾಯ ಇವೆಲ್ಲ ಅಲ್ಲಿ ಬೇಗ ತಿಳಿಯುತ್ತವೆ. ಆದರೆ ರೋಟ್ಲೆವಿಯ ಆಟವನ್ನು ಇಂದು ರಾತ್ರಿಯೇ ತೋರಿಸಬಹುದು, ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ನೆರೆಯ ಶಿವಮೊಗ್ಗದ ಸ್ಟ್ಯಾನಿಯವರೂ ಆ ಪಟ್ಟ ಪಡೆದರು. ಮಲೆನಾಡಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ನಿಮ್ಮ ಕಷ್ಟ ನನಗೆ ಗೊತ್ತು. ಆ ಬಸ್ಸಿನಲ್ಲಿ ಮೊಬೈಲಿನ ಬ್ಲಿಟ್ಜ್ ಆಟಕ್ಕಿಂತ ಒಂದು ಹಳೆಯ ಆಟವನ್ನು ಬೋರ್ಡಿಲ್ಲದೆ ನೆನಪಿಸಿಕೊಳ್ಳುವ ಅಭ್ಯಾಸ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಫ್5 ಹೇಳಿದ್ದ ಹುಡುಗಿ ಕೊನೆಯ ಪ್ರಶ್ನೆ ಕೇಳಿದಳು, ಮತ್ತು ಅದು ದಿನದ ಅತ್ಯುತ್ತಮ ಪ್ರಶ್ನೆ: ತಾನು ಬಿಳಿಯಲ್ಲಿ ಡಿ4 ಆಡುವವಳು, ಇದನ್ನೆಲ್ಲ ನೋಡಿ ಹೆದರಿಕೆಯಾಗಿದೆ, ಏನು ಮಾಡಬೇಕು? ಹೆದರಿಕೆಯಿದ್ದವರು ಬಹಳ ಮಂದಿ ಇದ್ದುದರಿಂದಲೇ ಅದಕ್ಕೆ ಮದ್ದು ಕೂಡ ಹುಟ್ಟಿದೆ. ಆರನೆಯ ನಡೆಯಲ್ಲಿ ಒಂಟೆಯನ್ನು ಡಿ3ಕ್ಕೆ ತರದೆ ಮಂತ್ರಿಯನ್ನು ಸಿ2ಕ್ಕೆ ತನ್ನಿ. ಒಂಟೆ ಎಫ್1ರಲ್ಲೇ ಕೂತಿರುವಾಗ ಕಪ್ಪು ಸಿ4ನ್ನು ಹೊಡೆದರೆ ಅದು ಒಂದೇ ಜಿಗಿತದಲ್ಲಿ ಅಲ್ಲಿಗೆ ತಲುಪುತ್ತದೆ, ಕಪ್ಪಿಗೆ ಪುಕ್ಕಟೆ ನಡೆ ಸಿಗುವುದಿಲ್ಲ. ಕಪ್ಪು ಒಂಟೆಯನ್ನು ಡಿ6ಕ್ಕೆ ತಂದು ಕಾದರೆ ಏಳನೆಯ ನಡೆಯಲ್ಲಿ ಜಿ4 ಎಂದು ಕಾಲಾಳನ್ನು ನೇರವಾಗಿ ನುಗ್ಗಿಸುವ ಶಬಲೋವ್–ಶಿರೋವ್ ದಾಳಿಯೂ ಇದೆ. ಅದನ್ನು ಹೇಳಿದ್ದೇ ತಡ, ಹುಡುಗಿ ಚೀಟಿಯೊಂದರಲ್ಲಿ 'ಜಿ4' ಎಂದು ಬರೆದುಕೊಂಡಳು. ಸಿ2ರ ಮಂತ್ರಿಯನ್ನು ಬರೆದುಕೊಳ್ಳಲಿಲ್ಲ. ಅಷ್ಟರಲ್ಲಿ ತೀರ್ಪುಗಾರರು ಮುಂದಿನ ಸುತ್ತಿನ ಜೋಡಿಪಟ್ಟಿಯನ್ನು ಗೋಡೆಗೆ ಅಂಟಿಸಿದರು, ಸಭೆ ಆ ಕಡೆಗೆ ಓಡಿತು.